ಅಡಿಕೆ ಮರದ ತುದಿಗೆ ಕಾನೂನು ಹತ್ತಿದ್ಯಾ?

(1/6)
ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮೂರಲ್ಲಿ ಅತಿ ಅಪಾಯದ ಕೆಲಸ ಯಾವುದು? ಕಾರ್ಮಿಕರ ಸುರಕ್ಷತೆ ಅಂದ ಕೂಡ್ಲೆ ನಮಗೆ ಹೆಲ್ಮೆಟ್, ಫ್ಯಾಕ್ಟರಿ, ಬೆಂಗಳೂರು ನೆನಪಾಗುತ್ತೆ. ಒಂದ್ಸಲ ತೋಟದಲ್ಲಿ ತಲೆ ಎತ್ತಿ ನೋಡಿ. ಕಾಲಿಗೊಂದು ತಳೆ ಹಾಕ್ಕೊಂಡು ಐವತ್ತು ಅಡಿ ಮೇಲೆ ಒಬ್ಬ ಇದ್ದಾನೆ. ಒಂದು ಮರದಿಂದ ಇಳಿಯದೇ ಪಕ್ಕದ ಮರಕ್ಕೆ ಜೋಲಿ ಹೊಡೆದು ದಾಟ್ತಾನೆ. ಅವನೇ ಕೊನೆಗಾರ. ಅವನ ಸುರಕ್ಷತೆಗೆ ಯಾವ ಕಾನೂನಿದೆ? ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

(2/6)
ಮೊದಲು ಅಡಿಕೆಯ ಕಥೆ. 1908ರಲ್ಲಿ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯೋದನ್ನ ಬಳಕೆಗೆ ತಂದರು. ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಕೊಟ್ಟೆ ಕಟ್ಟೋಕೂ ಮರ ಹತ್ತಬೇಕು, ಔಷಧಿ ಹೊಡೆಯೋಕೂ ಹತ್ತಬೇಕು. ಅದೂ ಮಳೆಗಾಲದಲ್ಲಿ, ಮರ ಪಾಚಿಗಟ್ಟಿ ಜಾರುವಾಗ.
ಗಮನಿಸಿ: ಅಡಿಕೆಯ ಆರೋಗ್ಯ ನೋಡೋಕೆ ಸರ್ಕಾರ ನೂರು ವರ್ಷಕ್ಕೂ ಹಿಂದೆಯೇ ವಿಜ್ಞಾನಿಯನ್ನ ನೇಮಿಸಿತ್ತು. ಹತ್ತುವವನ ಆರೋಗ್ಯ ನೋಡೋಕೆ?

(3/6)
ಈಗ ಕಾನೂನಿನ ಕಥೆ. ಇದನ್ನ ಒಂದೇ ಒಂದು ಸಂಖ್ಯೆ ಹಿಡಿದು ಹೇಳಬಹುದು. ಬ್ರಿಟಿಷ್ ಇಂಡಿಯಾದ ಮೊದಲ ಕಾರ್ಖಾನೆ ಕಾಯ್ದೆ ಬಂದಿದ್ದು 1881ರಲ್ಲಿ. ಯಂತ್ರಶಕ್ತಿ ಇದ್ದು 100 ಜನ ಕೆಲಸಗಾರರಿದ್ದರೆ ಮಾತ್ರ ಅದು ಕಾರ್ಖಾನೆ. 1891ರಲ್ಲಿ ಆ ಸಂಖ್ಯೆ 50 ಆಯ್ತು. 1922ರಲ್ಲಿ 20. ಸ್ವಾತಂತ್ರ್ಯದ ನಂತರ, 1948ರ ಕಾಯ್ದೆಯಲ್ಲಿ 10 (ವಿದ್ಯುತ್ ಇಲ್ಲದಿದ್ದರೆ 20). ಅಂದ್ರೆ 67 ವರ್ಷ ಕಾನೂನು ನಿಧಾನಕ್ಕೆ ಸಣ್ಣ ಸಣ್ಣ ಕೆಲಸದ ಜಾಗಗಳ ಕಡೆಗೆ ಇಳಿದು ಬರ್ತಾ ಇತ್ತು.
ಆದ್ರೆ ನಮ್ಮ ತೋಟದಲ್ಲಿ ಕೊನೆ ತೆಗೆಯೋರು ಎಷ್ಟು ಜನ? ಒಬ್ಬ ಮೇಲೆ, ಹಗ್ಗ ಹಿಡಿಯೋಕೆ ಒಬ್ಬ ಕೆಳಗೆ. ಕಾನೂನು ಅಲ್ಲಿಗೆ ತಲುಪಲೇ ಇಲ್ಲ.

(4/6)
"ತೋಟಕ್ಕೆ ಬೇರೆ ಕಾನೂನು ಇದೆ ಅಲ್ವಾ?" ಅಂತ ಕೇಳಬಹುದು. ಇತ್ತು. ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ, 1951. ವಸತಿ, ಆಸ್ಪತ್ರೆ, ಶಿಶುಮಂದಿರ ಎಲ್ಲ ಅದರಲ್ಲಿತ್ತು. 2010ರ ತಿದ್ದುಪಡಿಯಲ್ಲಿ ಸುರಕ್ಷತೆಯ ನಿಯಮಗಳೂ ಸೇರಿದವು. ಆದರೆ ಬೆಳೆಗಳ ಪಟ್ಟಿ ನೋಡಿ: ಚಹಾ, ಕಾಫಿ, ರಬ್ಬರ್, ಸಿಂಕೋನಾ, ಆಮೇಲೆ ಏಲಕ್ಕಿ. ಅಡಿಕೆಯ ಹೆಸರಿಲ್ಲ. ಪಕ್ಕದ ಚಿಕ್ಕಮಗಳೂರಿನ ದೊಡ್ಡ ಕಾಫಿ ಎಸ್ಟೇಟಿನ ಕಾರ್ಮಿಕನಿಗೆ ಕಾಗದದ ಮೇಲಾದರೂ ಒಂದು ಕಾಯ್ದೆ ಇತ್ತು. ನಮ್ಮ ಕೊನೆಗಾರನಿಗೆ ಅದೂ ಇರಲಿಲ್ಲ.
ಬಿದ್ದ ಮೇಲೆ ಸಿಗೋ ಪರಿಹಾರ ಬೇರೆ, ಬೀಳದ ಹಾಗೆ ನೋಡ್ಕೊಳ್ಳೋ ಕಾನೂನು ಬೇರೆ. ನಾವು ಮಾತಾಡ್ತಿರೋದು ಎರಡನೆಯದರ ಬಗ್ಗೆ.

(5/6)
ಈಗ ಹೊಸ ಸುದ್ದಿ. 2025ರ ನವೆಂಬರ್ 21ರಂದು ದೇಶದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆ ಕಾಯ್ದೆಗಳ ಬದಲಿಗೆ ನಾಲ್ಕು. ಅದರಲ್ಲಿ ಒಂದು, 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ. ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆ, ಪ್ಲಾಂಟೇಷನ್ ಕಾಯ್ದೆ ಎಲ್ಲ ಇದರೊಳಗೆ ಬಂದವು. ಕೆಲಸಕ್ಕೆ ಸೇರುವಾಗ ನೇಮಕಾತಿ ಪತ್ರ ಕಡ್ಡಾಯ, ನಿಗದಿತ ವಯಸ್ಸಿನವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ.
ಆದರೆ ಆ ಸಂಖ್ಯೆ ನೆನಪಿದೆಯಾ? ಕಾರ್ಖಾನೆ ಅನ್ನಿಸಿಕೊಳ್ಳೋಕೆ ಈಗ 20 ಜನ ಬೇಕು, ವಿದ್ಯುತ್ ಇಲ್ಲದಿದ್ದರೆ 40. ಇಳಿಯುತ್ತಿದ್ದ ಸಂಖ್ಯೆ ಮತ್ತೆ ಮೇಲೆ ಹತ್ತಿದೆ.
ಜೊತೆಗೇ ಒಂದು ಸಣ್ಣ ಬಾಗಿಲೂ ಇದೆ. ಜೀವಕ್ಕೆ ಅಪಾಯ ಇರುವ ಕೆಲಸ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದರೆ, ಒಬ್ಬನೇ ಕಾರ್ಮಿಕ ಇದ್ದರೂ ಸಂಹಿತೆ ಅನ್ವಯಿಸಬಹುದು. ಒಬ್ಬನೇ! 100ರಿಂದ ಶುರುವಾದ ಕಾನೂನು ಕೊನೆಗೂ ಕೊನೆಗಾರನ ಲೆಕ್ಕಕ್ಕೆ ಬಂದಿದೆ. ಬಾಗಿಲು ತೆರೀಬೇಕು, ಅಷ್ಟೇ.

(6/6)
ಕಾನೂನು ಬಂದರೆ ಸಾಕಾ? ಸಾಲದು. 2021ರ ಜನವರಿ 21ರ ರಾತ್ರಿ ನೆನಪು ಮಾಡ್ಕೊಳ್ಳಿ. ಶಿವಮೊಗ್ಗ ಹತ್ತಿರದ ಹುಣಸೋಡಿನ ಕಲ್ಲುಕ್ವಾರಿ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದಾಗ ಜನ ಭೂಕಂಪ ಅಂತ ಮನೆಯಿಂದ ಹೊರಗೆ ಓಡಿದ್ದರು. ಕನಿಷ್ಠ ಐದು ಜೀವ ಹೋಯ್ತು. ಒಂದು ತಿಂಗಳು ಕಳೆದು ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೆ ಜಿಲೆಟಿನ್ ಸ್ಫೋಟ, ಆರು ಸಾವು. ಗಣಿಗೂ ಸ್ಫೋಟಕಕ್ಕೂ ಕಾಯ್ದೆಗಳು ಆಗಲೇ ಇದ್ದವು. ಸ್ಥಳಕ್ಕೆ ಹೋಗಿ ನೋಡುವ ಕಣ್ಣು ಇರಲಿಲ್ಲ. ಹೊಸ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ "ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್" ಆಗಿದ್ದಾರೆ, ಎಲ್ಲಿ ತಪಾಸಣೆ ಅನ್ನೋದನ್ನ ಕಂಪ್ಯೂಟರ್ ಆರಿಸುತ್ತೆ. ಒಂದೆರಡು ಎಕರೆಯ ತೋಟ ಆ ಕಂಪ್ಯೂಟರಿಗೆ ಕಾಣೋದು ಕಷ್ಟ. ಸಣ್ಣ ಹಿಡುವಳಿದಾರನಿಗೆ ಕಚೇರಿ ಅಲೆದಾಟ ಹೊರಿಸೋದೂ ನ್ಯಾಯ ಅಲ್ಲ.
ಹಾಗಾಗಿ ಶುರು ನಿಮ್ಮ ತೋಟದಿಂದಲೇ ಆಗ್ಲಿ. ಹತ್ತುವವನಿಗೆ ಸೊಂಟದ ಸುರಕ್ಷತಾ ಬೆಲ್ಟ್ ಇದೆಯಾ? ದೋಟಿ ಬಳಸುವಾಗ ಕರೆಂಟ್ ತಂತಿ ಎಷ್ಟು ದೂರ ಇದೆ? ಅಲ್ಯೂಮಿನಿಯಂ ಅಷ್ಟೇ ಅಲ್ಲ, ಕಾರ್ಬನ್ ಫೈಬರ್ ದೋಟಿಯೂ ಕರೆಂಟ್ ಹರಿಸುತ್ತೆ. ಔಷಧಿ ಹೊಡೆಯೋನಿಗೆ ಕನ್ನಡಕ, ಕೈಗವಸು? ಮಳೆ ಬಂದ್ರೆ "ಇವತ್ತು ಬೇಡ" ಅನ್ನೋ ಹಕ್ಕು ಅವನಿಗಿದೆಯಾ?
ಈ ಸಲ ಕೊನೆ ಕೊಯ್ಲಿಗೆ ಮನೆಗೆ ಹೋದಾಗ ಇದನ್ನ ಕೇಳಿ. ನಿಮ್ಮೂರ ಗ್ರಾಮಸಭೆಯಲ್ಲೂ ಕೇಳಿ. ಉತ್ತರ ಕಾಮೆಂಟಲ್ಲಿ ಹಾಕಿ, ಓದ್ತೀನಿ.

#ಮಲೆನಾಡು #ಹೊಸನಗರ #ಕೊನೆಗಾರ #ಕಾರ್ಮಿಕಸುರಕ್ಷತೆ