ಸಂಜೆ 7 ಗಂಟೆಯ ವಾಟರ್‌ಲೂ: ಒಂದು ಡಿಯೋರಾಮ, ಅದರ ಸುತ್ತ ಒಂದು ಜಗಳ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಿ ಅಂದ್ಕೋತೀನಿ. ಇವತ್ತಿನ ಎಪಿಸೋಡ್‌ನಲ್ಲಿ ಒಂದು ಯುದ್ಧ ಎರಡು ಸಲ ನಡೆಯುತ್ತೆ. ಮೊದಲನೇ ಸಲ ಬೆಲ್ಜಿಯಂನ ಹೊಲಗಳಲ್ಲಿ, ಒಂದೇ ದಿನ. ಎರಡನೇ ಸಲ ಒಂದು ಮಾಡೆಲ್‌ನ ಮೇಲೆ, ಹತ್ತಾರು ವರ್ಷ. ಮೊದಲನೆಯದರಲ್ಲಿ ನೆಪೋಲಿಯನ್ ಸೋತ. ಎರಡನೆಯದರಲ್ಲಿ ಸೋತವನು ವಿಲಿಯಂ ಸೈಬೋರ್ನ್ ಅನ್ನೋ ಒಬ್ಬ ಬ್ರಿಟಿಷ್ ಸೇನಾಧಿಕಾರಿ. ಅಥವಾ ಸೋತನಾ, ಇಲ್ವಾ? ಅದನ್ನ ಕೊನೆಗೆ ನೀವೇ ಹೇಳಿ.

ಮೊದಲು ಡಿಯೋರಾಮ ಅಂದ್ರೆ ಏನು ಅಂತ ನೋಡೋಣ. ದಸರಾದಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಒಂದು ಮೂಲೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ ಪಾರ್ಕ್ ಮಾಡ್ತಾರಲ್ಲ? ಪುಟ್ಟ ಕೊಳ, ಪುಟ್ಟ ಗುಡ್ಡ, ಹಸು, ಒಂದು ಮದುವೆ ದಿಬ್ಬಣ. ಎಲ್ಲ ಸೇರಿ ಒಂದು ದೃಶ್ಯ. ಡಿಯೋರಾಮ ಅದೇ ಜಾತಿಯದ್ದು, ಆದ್ರೆ ಅಳತೆ ಪಕ್ಕಾ ಇರಬೇಕು. ಈ ಪದವನ್ನು ಚಾಲ್ತಿಗೆ ತಂದವನು ಲೂಯಿ ಡಾಗೇರ್, ಮುಂದೆ ಫೋಟೋಗ್ರಫಿಗೆ ಹೆಸರಾದ ಅದೇ ಡಾಗೇರ್. 1822ರಲ್ಲಿ ಪ್ಯಾರಿಸ್‌ನಲ್ಲಿ ಆತ ತೆರೆದ ಡಿಯೋರಾಮದಲ್ಲಿ ದೊಡ್ಡ ಬಟ್ಟೆಯ ಮೇಲಿನ ಚಿತ್ರಕ್ಕೆ ಬೆಳಕು ಬದಲಾಯಿಸಿ ಹಗಲು ರಾತ್ರಿ ತೋರಿಸ್ತಿದ್ರು. ಸೈನಿಕರ ಮಾಡೆಲ್ ದೃಶ್ಯಗಳಿಗೆ ಈ ಹೆಸರು ಅಂಟಿಕೊಂಡಿದ್ದು ಆಮೇಲೆ. ನಮ್ಮ ಸೈಬೋರ್ನ್ ತನ್ನ ಕೆಲಸವನ್ನ ಬರೀ ‘ಮಾಡೆಲ್’ ಅಂತಿದ್ದ.

ವಾಟರ್‌ಲೂ ಒಂದು ನಿಮಿಷದಲ್ಲಿ. 1815, ಜೂನ್ 18. ಒಂದು ಕಡೆ ನೆಪೋಲಿಯನ್‌ನ ಫ್ರೆಂಚ್ ಸೇನೆ. ಎದುರಿಗೆ ಡ್ಯೂಕ್ ಆಫ್ ವೆಲ್ಲಿಂಗ್ಟನ್. ಅವನ ಸೇನೆಯಲ್ಲಿ ಬ್ರಿಟಿಷರ ಜೊತೆಗೆ ಡಚ್ಚರು, ಬೆಲ್ಜಿಯನ್ನರು, ಹಲವು ಜರ್ಮನ್ ರಾಜ್ಯಗಳವರು ಇದ್ದರು. ಮಧ್ಯಾಹ್ನ ಕಳೆದ ಮೇಲೆ ಬ್ಲೂಖರ್‌ನ ಪ್ರಷ್ಯನ್ ಸೇನೆ ಪೂರ್ವದಿಂದ ಬಂದು ಪ್ಲಾನ್ಸನ್ವಾ ಹಳ್ಳಿಯ ಹತ್ತಿರ ಫ್ರೆಂಚರ ಪಕ್ಕೆಗೆ ಬಿತ್ತು. ಸಂಜೆ ಸುಮಾರು 7ಕ್ಕೆ ನೆಪೋಲಿಯನ್ ತನ್ನ ಕೊನೆಯ ಅಸ್ತ್ರವಾದ ಇಂಪೀರಿಯಲ್ ಗಾರ್ಡ್ ಪಡೆಯನ್ನು ವೆಲ್ಲಿಂಗ್ಟನ್‌ನ ಸಾಲಿನ ಮೇಲೆ ಬಿಟ್ಟ. ಅದು ಹಿಂದೆ ಸರಿಯಿತು. ಯುದ್ಧ ಮುಗಿಯಿತು. ಗೆದ್ದವರು ಯಾರು ಅನ್ನೋದರಲ್ಲಿ ಅನುಮಾನ ಇಲ್ಲ. ಗೆಲ್ಲಿಸಿದವರು ಯಾರು ಅನ್ನೋದು ಮಾತ್ರ ಇವತ್ತಿಗೂ ಚರ್ಚೆ.

ಎಂಟು ತಿಂಗಳು ತೋಟದ ಮನೆಯಲ್ಲಿ

ಸೈಬೋರ್ನ್ ಹುಟ್ಟಿದ್ದು 1797ರಲ್ಲಿ. ಸೈನ್ಯದಲ್ಲಿದ್ದ, ಆದ್ರೆ ವಾಟರ್‌ಲೂನಲ್ಲಿ ಹೋರಾಡಿದವನಲ್ಲ. ಅವನ ಪರಿಣತಿ ಭೂಮಿ ಅಳೆದು ನಕ್ಷೆ ಬರೆಯೋದು, ಅದರ ಬಗ್ಗೆ ಪುಸ್ತಕಗಳನ್ನೂ ಬರೆದಿದ್ದ. 1830ರಲ್ಲಿ ಅವನಿಗೊಂದು ಕೆಲಸ ಬಂತು: ವಾಟರ್‌ಲೂ ಯುದ್ಧದ ದೊಡ್ಡ ಮಾಡೆಲ್ ಕಟ್ಟಿಕೊಡು.

ಆತ ಲಂಡನ್‌ನಲ್ಲಿ ಕೂತು ಹಳೇ ನಕ್ಷೆ ನೋಡಿ ಕಟ್ಟಲಿಲ್ಲ. ನೇರ ಬೆಲ್ಜಿಯಂಗೆ ಹೋಗಿ, ರಣರಂಗದ ನಟ್ಟನಡುವೆ ಇದ್ದ ಲಾ ಹೇ ಸಾಂತ್ ಅನ್ನೋ ತೋಟದ ಮನೆಯಲ್ಲಿ ಎಂಟು ತಿಂಗಳು ಉಳಿದು ಇಡೀ ಬಯಲನ್ನು ಸರ್ವೆ ಮಾಡಿದ. ಯುದ್ಧದ ದಿನ ಕೈಯಿಂದ ಕೈಗೆ ಹೊಡೆದಾಟ ನಡೆದ ಮನೆ ಅದು.

ಅಷ್ಟರಲ್ಲಾಗಲೇ ಆ ಬಯಲು ಬದಲಾಗಿತ್ತು. 1826ರ ಹೊತ್ತಿಗೆ ಅಲ್ಲಿ ಸುಮಾರು 40 ಮೀಟರ್ ಎತ್ತರದ ಒಂದು ಸ್ಮಾರಕ ದಿಬ್ಬ ಎಬ್ಬಿಸಿದ್ದರು, ತುದಿಯಲ್ಲೊಂದು ಸಿಂಹ. ಅದಕ್ಕೆ ಬೇಕಾದ ಮಣ್ಣನ್ನು ತೆಗೆದದ್ದು ಎಲ್ಲಿಂದ? ವೆಲ್ಲಿಂಗ್ಟನ್‌ನ ಸೈನಿಕರು ನಿಂತಿದ್ದ ಅದೇ ಏರಿನಿಂದ! ಅಂದ್ರೆ ಯುದ್ಧವನ್ನು ನೆನಪಿಡೋಕೆ ಅಂತ ಯುದ್ಧ ನಡೆದ ನೆಲವನ್ನೇ ಅಗೆದು ಹಾಕಿದ್ರು. ಹಾಗಾಗಿ ಆ ಬಯಲು 1815ರಲ್ಲಿ ಹೇಗಿತ್ತು ಅಂತ ತಿಳಿಯೋಕೆ ಸೈಬೋರ್ನ್‌ಗೆ ಬರೀ ಅಳತೆಪಟ್ಟಿ ಸಾಲದು, ಮನುಷ್ಯರ ನೆನಪೂ ಬೇಕಿತ್ತು.

ನಿಮ್ಮ ಹತ್ತಿರದ ಹೊಲದಲ್ಲಿ ಯಾವ ಬೆಳೆ ಇತ್ತು?

ಇಲ್ಲಿಂದ ಕಥೆ ನಿಜಕ್ಕೂ ರೋಚಕ ಆಗುತ್ತೆ. ಯುದ್ಧದಲ್ಲಿ ಬದುಕಿ ಉಳಿದಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ಸೈಬೋರ್ನ್ ಸುತ್ತೋಲೆ ಕಳಿಸಿದ, ಜೊತೆಗೊಂದು ಅಚ್ಚು ಹಾಕಿಸಿದ ನಕ್ಷೆ. ಪ್ರಶ್ನೆಗಳು ನೇರ. ಸಂಜೆ 7ರ ಸುಮಾರಿಗೆ ನಿಮ್ಮ ಪಡೆ ಎಲ್ಲಿತ್ತು, ಯಾವ ವ್ಯೂಹದಲ್ಲಿ ನಿಂತಿತ್ತು? ಎದುರಿಗಿದ್ದ ಶತ್ರು ಹೇಗೆ ನಿಂತಿದ್ದ? ಹತ್ತಿರದ ಹೊಲಗಳಲ್ಲಿ ಯಾವ ಬೆಳೆ ಇತ್ತು?

ಬೆಳೆ ಯಾಕೆ ಅಂತೀರಾ? ಮಾಡೆಲ್ ಕಟ್ಟೋರಿಗೆ ಅದು ಮುಖ್ಯ. ಆಳೆತ್ತರ ಬೆಳೆದ ರೈ ಪೈರಾ, ಮೊಣಕಾಲೆತ್ತರದ ಬೆಳೆಯಾ ಅನ್ನೋದರ ಮೇಲೆ ಯಾರು ಯಾರಿಗೆ ಕಾಣ್ತಿದ್ರು ಅನ್ನೋದು ನಿಂತಿರುತ್ತೆ. ನೆಲಕ್ಕೆ ಬಳಿಯುವ ಬಣ್ಣವೂ ಅದನ್ನೇ ಅವಲಂಬಿಸುತ್ತೆ.

ನೂರಾರು ಉತ್ತರ ಬಂದವು. ಒಂದೇ ಯುದ್ಧದ ಬಗ್ಗೆ, ಕಣ್ಣಾರೆ ಕಂಡವರಿಂದ ಒಬ್ಬನೇ ವ್ಯಕ್ತಿ ಇಷ್ಟೊಂದು ಸಾಕ್ಷ್ಯ ಕೂಡಿಸಿದ್ದು ಅಪರೂಪ. ಇವತ್ತು ನಾವು ಗೂಗಲ್ ಫಾರ್ಮ್ ಕಳಿಸ್ತೀವಲ್ಲ, ಅದನ್ನ ಆತ ಅಂಚೆಯಲ್ಲಿ ಮಾಡಿದ. ಪ್ರಷ್ಯನ್ ಸೇನೆಯ ಕಡೆಯಿಂದಲೂ ಮಾಹಿತಿ ತರಿಸಿದ. ಒಂದು ಕೊರತೆ ಮಾತ್ರ ಇತ್ತು. ಸುತ್ತೋಲೆ ಹೋಗಿದ್ದು ಅಧಿಕಾರಿಗಳಿಗೆ. ಬಂದೂಕು ಹಿಡಿದು ಸಾಲಿನಲ್ಲಿ ನಿಂತಿದ್ದ ಸಾಮಾನ್ಯ ಸಿಪಾಯಿಯನ್ನು ಯಾರೂ ಕೇಳಲಿಲ್ಲ. ಮಾಡೆಲ್‌ನಲ್ಲಿ ಅತಿ ಹೆಚ್ಚು ಜಾಗ ಪಡೆದವನು ಅವನು. ಅವನ ಮಾತಿಗೆ ಜಾಗ ಇರಲಿಲ್ಲ.

ಈ ನಡುವೆ 1833ರಲ್ಲಿ ಸರ್ಕಾರ ಹಣ ನಿಲ್ಲಿಸಿತು. ಸೈಬೋರ್ನ್ ನಿಲ್ಲಿಸಲಿಲ್ಲ. ಸ್ವಂತ ಹಣ, ಸಾಲ, ಅವರಿವರ ಚಂದಾ ಅಂತ ಸೇರಿಸಿ ಮುಂದುವರಿಸಿದ. ಕೊನೆಗೆ ಖರ್ಚು ಸುಮಾರು 3,000 ಪೌಂಡ್ ಮುಟ್ಟಿತು. ಆ ಕಾಲಕ್ಕೆ ಅದು ಸಂಬಳದ ಅಧಿಕಾರಿ ಕೈಯಿಂದ ಹಾಕಿ ಅರಗಿಸಿಕೊಳ್ಳೋ ಮೊತ್ತ ಅಲ್ಲ.

1838ರಲ್ಲಿ ಮಾಡೆಲ್ ಮುಗೀತು. ಒಂದು ಮೈಲಿಗೆ 9 ಅಡಿ ಅಳತೆ, ಅಂದ್ರೆ ಸುಮಾರು 1:587. ಒಟ್ಟು ವಿಸ್ತೀರ್ಣ ಸುಮಾರು 400 ಚದರ ಅಡಿ. ನಮ್ಮ ಬೆಂಗಳೂರಿನ 30-40 ಸೈಟಿನ ಮೂರರಲ್ಲೊಂದು ಭಾಗ ಅಂದ್ಕೊಳ್ಳಿ. ಅದರ ಮೇಲೆ ತವರ, ಸೀಸ ಬೆರೆಸಿ ಎರಕ ಹೊಯ್ದ 70 ಸಾವಿರಕ್ಕೂ ಹೆಚ್ಚು ಪುಟಾಣಿ ಸೈನಿಕರು. ಲಂಡನ್ನಿನ ಪಿಕಾಡಿಲಿಯಲ್ಲಿದ್ದ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನ ನಡೆಯಿತು. ಸುಮಾರು ಒಂದು ಲಕ್ಷ ಜನ ಟಿಕೆಟ್ ತೆಗೊಂಡು ನೋಡಿದ್ರು. ಆದ್ರೂ ಸೈಬೋರ್ನ್‌ನ ಸಾಲ ತೀರಲಿಲ್ಲ.

ಡ್ಯೂಕ್‌ಗೆ ಹಿಡಿಸದ ಗೊಂಬೆಗಳು

ಮಾಡೆಲ್ ಮುಗಿಯೋ ಮೊದಲೇ ಜಗಳ ಶುರುವಾಗಿತ್ತು. ಸೈಬೋರ್ನ್ ತನ್ನ ಲೆಕ್ಕದ ಪ್ರಕಾರ ಸಂಜೆ 7ಕ್ಕೆ ರಣರಂಗದಲ್ಲಿ ಪ್ರಷ್ಯನ್ನರು ಎಲ್ಲೆಲ್ಲಿ ಇದ್ದರೋ ಅಲ್ಲೆಲ್ಲ ಪ್ರಷ್ಯನ್ ಗೊಂಬೆ ಇಡಲು ಹೊರಟಿದ್ದ. ದೊಡ್ಡ ಸಂಖ್ಯೆಯಲ್ಲಿ. ನೋಡುವವರಿಗೆ ಏನನ್ನಿಸುತ್ತೆ? ‘ಓ, ಇವರು ಬರದಿದ್ರೆ ವೆಲ್ಲಿಂಗ್ಟನ್ ಕಥೆ ಏನಾಗ್ತಿತ್ತೋ’ ಅಂತ.

ವೆಲ್ಲಿಂಗ್ಟನ್ ಆಗ ಬರೀ ಒಬ್ಬ ಹಳೇ ಜನರಲ್ ಅಲ್ಲ. ಮಾಜಿ ಪ್ರಧಾನಿ, ಬ್ರಿಟನ್ನಿನ ಅತಿ ಪ್ರಭಾವಿ ವ್ಯಕ್ತಿಗಳಲ್ಲಿ ಒಬ್ಬ. ಅವನ ಆಕ್ಷೇಪಣೆ ಸೇನಾ ಕಚೇರಿಯ ಮೂಲಕ ಸೈಬೋರ್ನ್‌ಗೆ ತಲುಪಿತು. ವರ್ಷಗಟ್ಟಲೆ ಪತ್ರ ಹೋದವು, ಬಂದವು. ಕೊನೆಗೆ ಸೈಬೋರ್ನ್ ಪ್ರಷ್ಯನ್ ಗೊಂಬೆಗಳಲ್ಲಿ ದೊಡ್ಡ ಭಾಗವನ್ನು ಮಾಡೆಲ್‌ನಿಂದ ಎತ್ತಿಬಿಟ್ಟ. ಒತ್ತಡಕ್ಕೆ ಮಣಿದ ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ. ಹೊಸ ಮಾಹಿತಿ ಸಿಕ್ಕಿ ತಾನೇ ತಿದ್ದಿಕೊಂಡ ಅಂತ ಇನ್ನು ಕೆಲವರು.

ವೆಲ್ಲಿಂಗ್ಟನ್‌ನ ವಾದವನ್ನು ‘ದೊಡ್ಡವರ ಅಹಂಕಾರ’ ಅಂತ ತಳ್ಳಿಹಾಕೋದು ಸುಲಭ. ನಾನು ಹಾಗೆ ಮಾಡಲ್ಲ. ಅವನ ಮಾತಿನ ತಿರುಳು ಇಷ್ಟು: ಮಾಡೆಲ್ ತೋರಿಸಬಲ್ಲದ್ದು ಒಂದೇ ಒಂದು ಕ್ಷಣವನ್ನು. ಆದ್ರೆ ಇಲ್ಲಿ ಪ್ರತಿಯೊಬ್ಬ ಅಧಿಕಾರಿಯೂ ತನ್ನ ಪಡೆಯನ್ನು ತನಗಿಷ್ಟವಾದ ಜಾಗದಲ್ಲಿ, ತನ್ನ ಅತಿ ದೊಡ್ಡ ಗಳಿಗೆಯಲ್ಲಿ ನಿಲ್ಲಿಸಿದ್ದಾನೆ. ಎಲ್ಲ ಸೇರಿಸಿದ್ರೆ ಎಂದೂ ಇಲ್ಲದ ಒಂದು ಕ್ಷಣ ಹುಟ್ಟುತ್ತೆ.

ಯೋಚನೆ ಮಾಡಿ, ಇದು ಸರಿಯಾದ ಮಾತೇ. ಮದುವೆಗೆ ಹೋದ ನೂರು ಜನರನ್ನು ಇಪ್ಪತ್ತು ವರ್ಷ ಆದ್ಮೇಲೆ ‘ಮುಹೂರ್ತದ ಹೊತ್ತಿಗೆ ಎಲ್ಲಿದ್ರಿ’ ಅಂತ ಕೇಳಿ. ತೊಂಬತ್ತು ಜನ ಮಂಟಪದ ಪಕ್ಕದಲ್ಲೇ ಇದ್ದೆ ಅಂತಾರೆ. ಊಟದ ಹಾಲ್‌ನಲ್ಲಿ ಮೊದಲ ಪಂಕ್ತಿಗೆ ಕಾಯ್ತಿದ್ದೆ ಅಂತ ಯಾರೂ ಹೇಳಲ್ಲ. ಸ್ವತಃ ವೆಲ್ಲಿಂಗ್ಟನ್ 1815ರಲ್ಲೇ ಒಂದು ಪತ್ರದಲ್ಲಿ ಯುದ್ಧವನ್ನು ನೃತ್ಯಕೂಟಕ್ಕೆ ಹೋಲಿಸಿದ್ದ. ಸಣ್ಣಪುಟ್ಟ ಘಟನೆ ನೆನಪಿರುತ್ತೆ, ಯಾವುದು ಯಾವಾಗ ಆಯ್ತು ಅನ್ನೋ ಕ್ರಮ ಯಾರಿಗೂ ನೆನಪಿರಲ್ಲ ಅನ್ನೋ ಅರ್ಥದಲ್ಲಿ.

ಹಾಗಾದ್ರೆ ಡ್ಯೂಕ್ ಸರಿ, ಸೈಬೋರ್ನ್ ತಪ್ಪಾ? ಅಷ್ಟು ಸರಳ ಇಲ್ಲ. ಆ ತರ್ಕ ಎಲ್ಲ ಗೊಂಬೆಗಳಿಗೂ ಅನ್ವಯಿಸುತ್ತೆ, ಬ್ರಿಟಿಷ್ ಗೊಂಬೆಗಳಿಗೂ. ಆದ್ರೆ ಮಾಡೆಲ್‌ನಿಂದ ಎತ್ತಿದ್ದು ಪ್ರಷ್ಯನ್ನರನ್ನು.

ಶ್ರೀರಂಗಪಟ್ಟಣದ ಗೋಡೆ

ಈಗ ನಮ್ಮೂರಿಗೆ ಬರೋಣ. ಯಾಕಂದ್ರೆ ಈ ಡ್ಯೂಕ್ ನಮಗೆ ಹೊಸಬನಲ್ಲ. ಡ್ಯೂಕ್ ಆಗೋ ಮೊದಲು ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತ ಹಿಡಿದು, ದರಿಯಾ ದೌಲತ್ ಅರಮನೆಯಲ್ಲೇ ವಾಸವಿದ್ದ.

ಸ್ಕೂಲ್ ಟ್ರಿಪ್‌ನಲ್ಲಿ ನೀವೂ ಅಲ್ಲಿಗೆ ಹೋಗಿರ್ತೀರಿ. ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರು ಕದನದ ದೊಡ್ಡ ಚಿತ್ರ ಇದೆ. 1780ರ ಸೆಪ್ಟೆಂಬರ್ 10ರಂದು, ಕಾಂಚೀಪುರದ ಹತ್ತಿರ, ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಕಂಪನಿ ಪಡೆಯನ್ನು ನುಚ್ಚುನೂರು ಮಾಡಿದ್ದು. ಕೆಂಪು ಕೋಟಿನವರು ಚೌಕಾಕಾರದಲ್ಲಿ ಸಿಕ್ಕಿಬಿದ್ದಿದ್ದಾರೆ, ಬೈಲಿ ಪಲ್ಲಕ್ಕಿಯಲ್ಲಿದ್ದಾನೆ, ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. 1799ರ ಮುತ್ತಿಗೆಗೆ ಮುಂಚೆ ಈ ಚಿತ್ರವನ್ನು ಅಳಿಸಲಾಗಿತ್ತು. ಅದನ್ನು ಮತ್ತೆ ಬರೆಸಿದವನು ಯಾರು ಗೊತ್ತಾ? ಇದೇ ವೆಲ್ಲೆಸ್ಲಿ. ಆಮೇಲೆ ಮತ್ತೆ ಮಾಸಿದಾಗ ಡಾಲ್‌ಹೌಸಿ ಕಾಲದಲ್ಲಿ ಇನ್ನೊಮ್ಮೆ ಸರಿಪಡಿಸಿದರು.

ನೋಡಿ, ತನ್ನದೇ ಕಡೆಯವರು ಹೀನಾಯವಾಗಿ ಸೋತ ಚಿತ್ರವನ್ನು ಉಳಿಸಿದ ಮನುಷ್ಯ, ತಾನು ಗೆದ್ದ ಯುದ್ಧದ ಮಾಡೆಲ್‌ನಲ್ಲಿ ಮಿತ್ರರ ಗೊಂಬೆಗಳನ್ನು ಸಹಿಸಲಿಲ್ಲ. ನನಗನ್ನಿಸೋದು ಇಷ್ಟು: ಬೇರೆಯವರ ಸೋಲನ್ನು ಗೋಡೆ ಮೇಲೆ ನೋಡೋದು ಕಷ್ಟ ಅಲ್ಲ. ಸ್ವಂತ ಗೆಲುವನ್ನು ಹಂಚಿಕೊಳ್ಳೋದು ಕಷ್ಟ.

ನೀವು ಕಟ್ಟೋದಾದ್ರೆ

ಮೊದಲ ಡಿಯೋರಾಮ ಕಟ್ಟಬೇಕು ಅಂತಿರೋರಿಗೆ ಈ ಕಥೆಯಿಂದ ಮೂರು ಮಾತು.

ಒಂದು, ಅಳತೆ. ಮಾರ್ಕೆಟ್‌ನಲ್ಲಿ ಸೈನಿಕರ ಕಿಟ್‌ಗಳು ಹೆಚ್ಚಾಗಿ 1:72 ಅಥವಾ 1:35. ಈ 35 ಬಂದದ್ದೇ ಒಂದು ತಮಾಷೆ: 1960ರ ದಶಕದ ಆರಂಭದಲ್ಲಿ ಜಪಾನಿನ ಟಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕ್ ಮಾಡಿದಾಗ, ಒಳಗೆ ಮೋಟಾರು, ಬ್ಯಾಟರಿ ಹಿಡಿಯೋ ಗಾತ್ರ ಆರಿಸಿಕೊಂಡಿತು. ಅದೇ ಮುಂದೆ ಜಗತ್ತಿಗೇ ಅಳತೆ ಆಯ್ತು. 1:72ರಲ್ಲಿ ಆರಡಿ ಮನುಷ್ಯ 25 ಮಿಲಿಮೀಟರ್. 40 ಸೆಂಟಿಮೀಟರ್ ಹಲಗೆ ಅಂದ್ರೆ ನಿಜದಲ್ಲಿ 29 ಮೀಟರ್ ನೆಲ, ಅಷ್ಟೇ. ಅದರಲ್ಲಿ ಇಡೀ ಯುದ್ಧ ಹಿಡಿಯಲ್ಲ. ಮೂಲೆ ಆರಿಸಲೇಬೇಕು.

ಎರಡು, ಕ್ಷಣ. ಗಡಿಯಾರದಲ್ಲಿ ಎಷ್ಟು ಗಂಟೆ ಅಂತ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆ ನಿಮಿಷದಲ್ಲಿ ಅಲ್ಲಿ ಇಲ್ಲದವರು ಎಷ್ಟೇ ಚೆಂದದ ಗೊಂಬೆಯಾದರೂ ಹಲಗೆ ಮೇಲೆ ಬರಬಾರದು. ಇದ್ದವರು ಯಾರಿಗೇ ಇಷ್ಟ ಆಗದಿದ್ರೂ ಬರಲೇಬೇಕು.

ಮೂರು, ಸಾಕ್ಷಿ. ನಾನು ಈಗ ನನ್ನ ಮೊದಲ ಡಿಯೋರಾಮಕ್ಕೆ ಪೊಲ್ಲಿಲೂರನ್ನೇ ಆರಿಸಿದ್ದೀನಿ. ದರಿಯಾ ದೌಲತ್‌ನ ಚಿತ್ರ ಗೆದ್ದವರು ಬರೆಸಿದ್ದು, ಅದನ್ನೊಂದೇ ನಂಬೋ ಹಾಗಿಲ್ಲ. ಬದುಕಿ ಬಂದ ಬ್ರಿಟಿಷರ ಬರಹ ಸೋತವರದ್ದು, ಅದನ್ನೂ ಒಂದೇ ನಂಬೋ ಹಾಗಿಲ್ಲ. ಆದ್ರೆ ಒಂದು ಕ್ಷಣ ಎರಡರಲ್ಲೂ ಇದೆ: ಮದ್ದಿನ ಗಾಡಿ ಸಿಡಿದದ್ದು. ಎದುರಾಳಿಗಳು ಇಬ್ಬರೂ ಒಪ್ಪುವ ಕ್ಷಣ ಸಿಕ್ಕರೆ ಅಲ್ಲಿಂದ ಶುರು ಮಾಡೋದು ಕ್ಷೇಮ. ಸಿಡಿದ ಗಾಡಿ, ಕುದುರೆ, ಎಂಟು ಹತ್ತು ಮಂದಿ. ಕಂಪನಿಯ ಪಡೆಯಲ್ಲಿ ಬಹುಪಾಲು ಜನ ನಮ್ಮ ದೇಶದ ಸಿಪಾಯಿಗಳೇ ಇದ್ದರು, ಹಾಗಾಗಿ ಆ ಹತ್ತರಲ್ಲಿ ಹೆಚ್ಚಿನ ಮುಖಗಳು ಅವರದ್ದೇ ಇರುತ್ತೆ.

ಕೊನೆಗೆ ಸೈಬೋರ್ನ್ ಏನಾದ? 1844ರಲ್ಲಿ ಪತ್ರಗಳ ಆಧಾರದ ಮೇಲೆ ವಾಟರ್‌ಲೂ ಇತಿಹಾಸ ಬರೆದು ಪ್ರಕಟಿಸಿದ. ಲಂಡನ್ನಿನ ಚೆಲ್ಸಿಯಲ್ಲಿ ಸೈನಿಕರ ಮಕ್ಕಳ ಶಾಲೆಯೊಂದರ ಕಾರ್ಯದರ್ಶಿಯಾಗಿ ಇದ್ದ. 1849ರಲ್ಲಿ, 51ನೇ ವಯಸ್ಸಿನಲ್ಲಿ ತೀರಿಕೊಂಡ. 1891ರಲ್ಲಿ ಅವನ ಮಗ ಆ ಪತ್ರಗಳಲ್ಲಿ ಹಲವನ್ನು ಪುಸ್ತಕವಾಗಿ ತಂದ. ಇವತ್ತು ವಾಟರ್‌ಲೂ ಬಗ್ಗೆ ಬರೆಯೋ ಯಾರೂ ಅವನ್ನು ದಾಟಿ ಹೋಗೋಕಾಗಲ್ಲ. ಪ್ರಷ್ಯನ್ನರ ಪಾಲು ಎಷ್ಟು ಅನ್ನೋ ವಾದಕ್ಕೂ ಜನ ತಿರುಗಿ ನೋಡೋದು ಅದೇ ಕಾಗದಗಳನ್ನು.

ಮಾಡೆಲ್ ಈಗ ಅದೇ ಚೆಲ್ಸಿಯ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ. ಅಲ್ಲಿ ಇನ್ನೂ ಸಂಜೆ 7 ಗಂಟೆ. ಹೋಗೋ ಅವಕಾಶ ಸಿಕ್ಕರೆ ಇರುವ ಗೊಂಬೆಗಳನ್ನು ನೋಡಿ. ಆಮೇಲೆ ಪೂರ್ವದ ಕಡೆಗೆ ಹೋಗಿ, ಖಾಲಿ ಬಿಟ್ಟ ಜಾಗವನ್ನೂ ಸ್ವಲ್ಪ ಹೊತ್ತು ನೋಡಿ.

ಇವತ್ತಿಗೆ ಇಷ್ಟು. ನಿಮ್ಮ ಊರಿನ ಯಾವ ಕ್ಷಣವನ್ನು ನೀವು ಒಂದು ಹಲಗೆಯ ಮೇಲೆ ಕಟ್ಟುತ್ತೀರಿ, ಅದರಲ್ಲಿ ಯಾರನ್ನೆಲ್ಲ ನಿಲ್ಲಿಸುತ್ತೀರಿ, ನಮಗೆ ಬರೆದು ತಿಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.