ಗಾಜಿನ ತೊಟ್ಟಿ ಮತ್ತು ನಮ್ಮೂರ ಕೆರೆ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮಗಳಿಗಾಗಿ ಮನೆಯಲ್ಲಿ ಮೀನಿನ ತೊಟ್ಟಿಯಿರಿಸಿ, ಅದರೊಳಗೆ ಗಿಡಗಳನ್ನೂ ನೆಟ್ಟಿದ್ದಾನಂತೆ. "ಮೇಷ್ಟ್ರೇ, ಇಷ್ಟು ಗಿಡಗಳಿರುವಾಗ ಹೊರಗಡೆ ಕೂರಿಸುವ ಫಿಲ್ಟರ್ ಬೇಕೇ? ಅಂಗಡಿಯವರು ಬೇಕೇಬೇಕು ಎನ್ನುತ್ತಾರೆ" ಎಂದು ಕೇಳಿದ. ಪ್ರಶ್ನೆ ಚಿಕ್ಕದು, ಅದರ ಚರಿತ್ರೆ ದೊಡ್ಡದು.

ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಕುಡಿಯೊಂದು ಮರಳಿ ಸರಿಪಡಿಸುವುದನ್ನು 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಕಂಡನು. 1850ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್, ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇರಿಸಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದನು. ಮೊದಲು ಎಲ್ಲವೂ ಸರಿಯಿತ್ತು. ಎಲೆಗಳು ಕೊಳೆಯತೊಡಗಿದಾಗ ನೀರು ಕೆಟ್ಟಿತು. ಕೊಳೆತದ್ದನ್ನು ತಿನ್ನುವ ಬಸವನಹುಳುಗಳನ್ನು ಬಿಟ್ಟ ಮೇಲೆ ನೀರು ತಿಳಿಯಾಯಿತು. ಅಲ್ಲಿ ಯಾವ ಯಂತ್ರವೂ ಇರಲಿಲ್ಲ.

ಫಿಲ್ಟರಿನ ಕೆಲಸ ಕಸ ಸೋಸುವುದಷ್ಟೇ ಅಲ್ಲ. ಅದು ಸೂಕ್ಷ್ಮಜೀವಿಗಳ ಮನೆ. ಮೀನಿನ ತ್ಯಾಜ್ಯದ ಅಮೋನಿಯವನ್ನು ಅವು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಗಿಡಗಳು ಅಮೋನಿಯವನ್ನೂ ನೈಟ್ರೇಟನ್ನೂ ಆಹಾರವಾಗಿ ಹೀರುತ್ತವೆ. ಆದ್ದರಿಂದ ಗಿಡ ಹೆಚ್ಚು, ಮೀನು ಕಡಿಮೆ, ಆಹಾರ ಮಿತ ಎಂದಾದರೆ ಯಂತ್ರವಿಲ್ಲದೆಯೂ ನಡೆಯುತ್ತದೆ. ಮೀನು ಹೆಚ್ಚಿದರೆ ನಡೆಯದು. ಇದನ್ನು ನಾನು ಕಲಿತದ್ದು ಶಿಡ್ಲಘಟ್ಟದ ಕಡೆ ಪಾಠ ಹೇಳುತ್ತಿದ್ದಾಗ. ಕೆರೆಯ ಹೈಡ್ರಿಲ್ಲಾ ಹಾಕಿದ ಜಾಡಿಯಲ್ಲಿ ಮೀನುಗಳು ತಿಂಗಳುಗಟ್ಟಲೆ ಸುಖವಾಗಿದ್ದವು. ಒಂದು ಶನಿವಾರ ಮಕ್ಕಳು ಪ್ರೀತಿಯಿಂದ ಹಿಡಿ ಹಿಡಿ ಕಡಲೆಪುರಿ ಸುರಿದರು. ಸೋಮವಾರ ಬಂದು ನೋಡಿದರೆ ಮೀನುಗಳೆಲ್ಲ ಸತ್ತಿದ್ದವು. ಮೊದಲೇ ಎಚ್ಚರಿಸದಿದ್ದ ತಪ್ಪು ನನ್ನದೇ.

ಇಂದು ನಮ್ಮ ಸೀಮೆಯ ಕೆರೆಗಳ ಮುಂದೆಯೂ ಇದೇ ಪ್ರಶ್ನೆಯಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ನಾಡಿಗೆ ಬೆಂಗಳೂರಿನ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಹರಿಸುತ್ತಿದ್ದಾರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅನಂತರ ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಬಂದಿತು. ಬತ್ತಿದ್ದ ಕೆರೆಯಲ್ಲಿ ನೀರು ಕಂಡ ರೈತನ ಸಂತೋಷವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೂಗೂ ನ್ಯಾಯವಾದದ್ದೇ. ಎರಡು ಹಂತಗಳಲ್ಲಿ ಸಾರಜನಕ, ರಂಜಕಗಳು ಪೂರ್ತಿ ಹೋಗುವುದಿಲ್ಲ.

"ಉಳಿದುದನ್ನು ಕೆರೆಯ ಗಿಡಗಳೇ ನೋಡಿಕೊಳ್ಳುತ್ತವೆ" ಎನ್ನುವವರು ವಾರಿಂಗ್ಟನ್ನನ ಕೊಳೆತ ಎಲೆಗಳನ್ನು ನೆನೆಯಬೇಕು. ಗಿಡ ಹೀರಿದ್ದನ್ನು ಹೊರತೆಗೆಯದಿದ್ದರೆ ಅದು ಕೊಳೆತು ನೀರಿಗೇ ಮರಳುತ್ತದೆ. ನಮ್ಮ ಹಿರಿಯರ ಕೆರೆಗಳಿಗೂ ಹೊರಗಿನ ಫಿಲ್ಟರ್ ಇತ್ತು: ಬೇಸಿಗೆಯಲ್ಲಿ ಗೋಡುಮಣ್ಣು ತುಂಬಿ ಹೊಲಕ್ಕೆ ಸಾಗುತ್ತಿದ್ದ ಎತ್ತಿನಗಾಡಿ. ಕೆರೆಯ ಕೊಳೆ ಹೊಲದ ಗೊಬ್ಬರವಾಗುತ್ತಿತ್ತು. ಗಾಡಿಗಳು ನಿಂತವು, ಕೊಳೆ ಹೆಚ್ಚಿತು.

ಶಿಷ್ಯನಿಗೆ ನಾನು ಹೇಳಿದ್ದಿಷ್ಟೇ: "ಮೊದಲು ಮೀನುಗಳನ್ನು ಎಣಿಸಪ್ಪ, ಒಣಗಿದ ಎಲೆಗಳನ್ನು ತೆಗೆ, ಆಮೇಲೆ ಫಿಲ್ಟರಿನ ಮಾತು." ಗೌರಿಬಿದನೂರು, ಚಿಂತಾಮಣಿಗಳಲ್ಲಿರುವ ನನ್ನ ಇತರ ವಿದ್ಯಾರ್ಥಿಗಳೂ ತಮ್ಮೂರ ಕೆರೆಗೆ ಏನು ಬಂದು ಸೇರುತ್ತಿದೆಯೆಂದು ಒಮ್ಮೆ ಏರಿಯ ಮೇಲೆ ನಡೆದು ನೋಡಿಬರಲಿ.