ನೆರಳನ್ನು ನೆಚ್ಚಿದ ತೋಟ

ಮರದ ನೆರಳು ಬಿದ್ದ ಹಿತ್ತಿಲಿನಲ್ಲಿ ಹೂವು ಬಾರದೆಂದು ನಾವು ಸಾಮಾನ್ಯವಾಗಿ ಕೈಬಿಟ್ಟುಬಿಡುತ್ತೇವೆ. ಆದರೆ ಆ ನೆರಳನ್ನೇ ನೆಚ್ಚಿ ತೋಟ ಕಟ್ಟಿದ ಶಾಲಾ ಉಪಾಧ್ಯಾಯಿನಿಯೊಬ್ಬರ ಕಥೆ ಅಮೆರಿಕೆಯ ಮಿನಿಯಾಪೊಲಿಸ್ ನಗರದ ಚರಿತ್ರೆಯಲ್ಲಿದೆ.

ಎಲೊಯಿಸ್ ಬಟ್ಲರ್ 1851ರಲ್ಲಿ ಮೇಯ್ನ್ ಸಂಸ್ಥಾನದ ಹಳ್ಳಿಗಾಡಿನಲ್ಲಿ ಹುಟ್ಟಿದರು. 1874ರಲ್ಲಿ ಮಿನಿಯಾಪೊಲಿಸ್‌ಗೆ ಬಂದು ಶಾಲೆಗಳಲ್ಲಿ ಸಸ್ಯಶಾಸ್ತ್ರ ಕಲಿಸಿದರು. ನಗರವು ಬೆಳೆದಂತೆ ಸುತ್ತಲಿನ ಕಾಡೂ ಜೌಗುನೆಲವೂ ಅಳಿಯುತ್ತಿದ್ದುವು. ಮಕ್ಕಳಿಗೆ ತೋರಿಸಬೇಕಾದ ಗಿಡಗಳೇ ಕಣ್ಮರೆಯಾಗುತ್ತಿದ್ದುವು. 1907ರಲ್ಲಿ ಆಕೆಯೂ ಸಹೋದ್ಯೋಗಿಗಳೂ ನಗರದ ಉದ್ಯಾನ ಮಂಡಲಿಗೆ ಮನವಿ ಸಲ್ಲಿಸಿ, ನಾಡಗಿಡಗಳಿಗೆಂದೇ ಸುಮಾರು 3 ಎಕರೆ ನೆಲ ಪಡೆದರು.

ಶೀತದೇಶದ ಕಾಡಿನ ವಸಂತಪುಷ್ಪಗಳ ಬಾಳು ವಿಚಿತ್ರವಾದುದು. ಹಿಮ ಕರಗಿದ ಮೇಲೆ ಮರಗಳು ಎಲೆ ತಳೆಯುವ ಮುನ್ನ ಕೆಲವೇ ವಾರ ನೆಲಕ್ಕೆ ಬಿಸಿಲು ತಾಕುತ್ತದೆ. ಅಷ್ಟರಲ್ಲಿಯೇ ಅವು ಚಿಗುರಿ ಅರಳಬೇಕು. ಮೇಲೆ ಹಸಿರು ಚಪ್ಪರ ಹರಡಿದೊಡನೆ ಅನೇಕ ಗಿಡಗಳು ಎಲೆಯನ್ನೂ ಉದುರಿಸಿ ಗೆಡ್ಡೆಯೊಳಗೆ ಮಲಗಿಬಿಡುತ್ತವೆ. ಗಿಡ ಸತ್ತಿತೆಂದು ಆಗ ಅಗೆದವನು ಮುಂದಿನ ವಸಂತವನ್ನೇ ಕಳೆದುಕೊಂಡಂತೆ! ಬಿದ್ದ ತರಗೆಲೆಯನ್ನೂ ಗುಡಿಸಬಾರದು. ಕೊಳೆತ ಎಲೆಯೇ ಅವುಗಳ ಗೊಬ್ಬರ. ಬ್ಲಡ್‌ರೂಟ್, ಟ್ರಿಲಿಯಮ್‌ಗಳ ಬೀಜಕ್ಕಂಟಿದ ಜಿಡ್ಡಿನ ತುಣುಕಿನಾಸೆಗೆ ಇರುವೆಗಳು ಬೀಜವನ್ನು ಹೊತ್ತೊಯ್ದು ಬೇರೆಡೆ ಬಿತ್ತುತ್ತವೆ. ದೊಡ್ಡ ಬಿಳಿಯ ಟ್ರಿಲಿಯಮ್ ಬೀಜದಿಂದ ಬೆಳೆದು ಹೂವಾಗಲು 7 ವರ್ಷವೋ ಅದಕ್ಕೂ ಹೆಚ್ಚೋ ಬೇಕು. ಆದುದರಿಂದಲೇ, ಬಟ್ಲರ್ ಅವರು ಅಂದು ಕಾಡುಮೇಡಿನಿಂದ ಗಿಡಗಳನ್ನು ತಂದು ನೆಟ್ಟರಾದರೂ, ಇಂದು ತಿಳಿದವರು ಕಾಡಿನಿಂದ ಕೀಳದೆ ನರ್ಸರಿಯಲ್ಲಿ ಬೆಳೆಸಿದ ಸಸಿಯನ್ನೇ ಕೊಳ್ಳಬೇಕೆನ್ನುತ್ತಾರೆ.

1911ರಲ್ಲಿ ಶಾಲೆಯಿಂದ ನಿವೃತ್ತರಾದ ಬಟ್ಲರ್ ತೋಟದ ಪಾಲಕಿಯಾದರು. 1929ರಲ್ಲಿ ತೋಟಕ್ಕೆ ಆಕೆಯ ಹೆಸರನ್ನೇ ಇಟ್ಟರು. 1933ರ ಏಪ್ರಿಲ್ 10ರಂದು, ವಸಂತದ ಹೊಸ್ತಿಲಲ್ಲಿ, ತೋಟಕ್ಕೆ ಹೊರಟ ದಾರಿಯಲ್ಲಿ ಹೃದಯಾಘಾತವಾಗಿ ಅಂದೇ ತೀರಿಕೊಂಡರು. ಆಕೆಯ ಚಿತಾಭಸ್ಮವನ್ನು ಅಲ್ಲಿಯೇ ಚೆಲ್ಲಲಾಯಿತು. ಅನಂತರ ಮಾರ್ಥಾ ಕ್ರೋನ್ 1959ರವರೆಗೆ ಅದನ್ನು ಪಾಲಿಸಿದರು. ಇಂದು ತೋಟವು ಸುಮಾರು 15 ಎಕರೆಯಾಗಿದೆ.

ಬಟ್ಲರ್ ಹುಟ್ಟೂರು ಬಿಟ್ಟು ಬಂದವರು. ಆದರೂ ಬಂದ ಊರಿನ ಹೂವನ್ನು ತಮ್ಮದೆಂದೇ ಕಾಪಾಡಿದರು. ನಾವೂ ಊರು ಬಿಟ್ಟು ಬಂದವರೇ. ರಾಜ್ಯೋತ್ಸವದಂದು ನಮ್ಮ ಮಕ್ಕಳಿಗೆ ಸಂಪಿಗೆ, ಸುರಗಿಗಳ ಹೆಸರು ಹೇಳಿಕೊಡೋಣ. ಜೊತೆಗೇ ನಮಗೆ ಅನ್ನವಿತ್ತ ಈ ನೆಲದ ಗಿಡಮರಗಳ ಹೆಸರನ್ನೂ ಅವರೊಡನೆ ನಾವೂ ಕಲಿಯೋಣ.